ಹಳೇ ಫೋಟೋ ಫ್ರೇಮು: ಕನ್ನಡಿ ಮಾಡಿಸೋದಾ, ಸೀರೆ ಸೆರಗು ಕೂರಿಸೋದಾ, ಟ್ರೇ ಮಾಡೋದಾ?

ಹೋದ ತಿಂಗಳು ಅತ್ತಿಗೆ ಗುಜರಿ ಅಂಗಡಿಯಿಂದ ಮೂರು ಹಳೇ ಫ್ರೇಮು ಹೊತ್ತು ತಂದರು. ಮೂರಕ್ಕೂ ಸೇರಿ 350 ರೂಪಾಯಿ. ಹಳೇ ದಾವಣಗೆರೆಯ ಗಲ್ಲಿಗಳಲ್ಲಿ ಹಳೇ ಮನೆ ಕೆಡವಿ ಕಾಂಪ್ಲೆಕ್ಸ್ ಕಟ್ಟುವುದು ನಡೆದೇ ಇದೆ. ತೊಲೆ, ಬಾಗಿಲು, ಕಿಟಕಿಗೆ ಮೊದಲೇ ಗಿರಾಕಿ ಸಿಗುತ್ತಾರೆ. ಪಡಸಾಲೆ ಗೋಡೆಯ ಮೇಲಿದ್ದ ಫೋಟೋಗಳನ್ನು ಮಾತ್ರ ಯಾರೂ ಕೇಳುವುದಿಲ್ಲ. ಕೊನೆಗೆ ತಗಡು, ಪೇಪರ್ ಜೊತೆ ಅವೂ ಗುಜರಿ ಸೇರುತ್ತವೆ.

"ಇವನ್ನ ಏನ್ ಮಾಡ್ಲಿ ಹೇಳು. ಒಂದ್ಸಲ ಕನ್ನಡಿ ಚೆನ್ನಾಗಿರುತ್ತೆ ಅನ್ಸುತ್ತೆ. ಅಮ್ಮನ ಹಳೇ ಸೀರೆನೂ ಇದೆ. ನಿಮ್ಮಣ್ಣ ನೋಡಿದ್ರೆ ಟ್ರೇ ಮಾಡು ಅಂತಾರೆ" ಅಂದರು ಅತ್ತಿಗೆ. ಇದೇ ಗೊಂದಲದಲ್ಲಿ ಇರುವವರು ಇನ್ನೂ ನಾಲ್ಕು ಜನ ನನಗೆ ಗೊತ್ತು. ಆರು ವರ್ಷದಿಂದ ಇದೇ ಹುಚ್ಚು ಹಿಡಿಸಿಕೊಂಡು ಒಂದಷ್ಟು ಫ್ರೇಮು ಸರಿ ಮಾಡಿದ್ದೇನೆ, ಒಂದಷ್ಟು ಹಾಳೂ ಮಾಡಿದ್ದೇನೆ. ಹಾಗಾಗಿ ಅತ್ತಿಗೆಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮಗುಚಿ ಹಾಕಿ

ಮೂರನ್ನೂ ಚಾಪೆಯ ಮೇಲೆ ಬೋರಲು ಹಾಕಿದೆವು. ಮುಂದಿನ ಬಳ್ಳಿ, ಹೂವು, ಬಣ್ಣ ಎಲ್ಲ ಆಮೇಲೆ. ಮುಂದೆ ಕೆಟ್ಟಿದ್ದರೆ ಉಜ್ಜಿ, ಪಾಲಿಶ್ ಹಾಕಿ ಸರಿ ಮಾಡಬಹುದು. ಹಿಂದೆ ಕೆಟ್ಟಿದ್ದರೆ ಬಡಗಿ ಬೇಕು. ಬಡಗಿಯ ಕೂಲಿ ಸೇರಿದರೆ ಹೊಸ ಫ್ರೇಮಿಗೆ ಆಗುವಷ್ಟೇ ಖರ್ಚು. ಈ ಫ್ರೇಮು ಏನಾಗಬಹುದು, ಏನಾಗಬಾರದು ಅನ್ನುವುದು ಅದರ ಬೆನ್ನು ನೋಡಿದರೆ ಗೊತ್ತಾಗುತ್ತದೆ.

ಎದುರುಬದುರು ಎರಡು ಮೂಲೆ ಹಿಡಿದು ಮೆಲ್ಲಗೆ ತಿರುಚಿ ನೋಡಿ. ಮೂಲೆ ಬಾಯಿ ಬಿಟ್ಟರೆ ಮೊಳೆ ಸಡಿಲ ಆಗಿದೆ ಎಂದರ್ಥ. ಹಗುರದ ಕೆಲಸಕ್ಕೆ ಪರವಾಗಿಲ್ಲ, ಕನ್ನಡಿಗೆ ಬೇಡ.

ಆಮೇಲೆ ಗಾಜು ಕೂರುವ ಕಚ್ಚು. ಸ್ಕೇಲ್ ಇಟ್ಟು ಅದರ ಆಳ ಅಳೆಯಿರಿ. ಇದನ್ನು ಯಾರೂ ಅಳೆಯುವುದಿಲ್ಲ. ಆಮೇಲೆ ಕನ್ನಡಿ ತಂದು ಕೂರಿಸುವಾಗ ಹಿಂದಿನ ಹಲಗೆ ಹೊರಗೆ ಉಬ್ಬಿಕೊಂಡು ನಿಲ್ಲುತ್ತದೆ. ಬರೀ ಗಾಜು, ಚಿತ್ರ, ರಟ್ಟು ಆದರೆ ಕಾಲು ಇಂಚು ಸಾಕು. ಬಟ್ಟೆ ಕೂರಿಸಲು ಅರ್ಧ ಇಂಚಾದರೂ ಬೇಕು.

ಮೂರನೆಯದು ಹುಳ. ಗುಂಡುಸೂಜಿ ತಲೆಯಷ್ಟು ತೂತುಗಳಿದ್ದರೆ ಫ್ರೇಮನ್ನು ಬಿಳಿ ಪೇಪರ್ ಮೇಲೆ ಕುಟ್ಟಿ. ಹಿಟ್ಟಿನಂತಹ ಪುಡಿ ಉದುರಿದರೆ ಕುಟ್ಟೆ ಇನ್ನೂ ಜೀವಂತ ಇದೆ. ಅಂಗಡಿಯಲ್ಲೇ ಬಿಟ್ಟು ಬನ್ನಿ. "ಬಿಸಿಲಿಗೆ ಇಡ್ರಿ ಅಕ್ಕ, ಹೋಗುತ್ತೆ" ಅಂತಾರೆ. ಹಾಗೆಲ್ಲ ಹೋಗುವುದಿಲ್ಲ. ತೂತು ಹಳೆಯದು, ಪುಡಿ ಇಲ್ಲ ಅಂದರೆ ತೆಗೆದುಕೊಳ್ಳಬಹುದು. ಹಾರ್ಡ್‌ವೇರ್ ಅಂಗಡಿಯಲ್ಲಿ ಮರದ ಹುಳಕ್ಕೆ ಅಂತಲೇ ಔಷಧಿ ಸಿಗುತ್ತದೆ. ಸಿರಿಂಜಿನಲ್ಲಿ ತೂತಿನೊಳಗೆ ಬಿಟ್ಟು, ಒಂದು ವಾರ ಹೊರಗೇ ಇಟ್ಟು, ಆಮೇಲೆ ಒಳಗೆ ತನ್ನಿ.

ನಾಲ್ಕನೆಯದು ತೂಕ ಮತ್ತು ಗೋಡೆ. ಗಾಜಿನ ಲೆಕ್ಕ ಸುಲಭ. ಒಂದು ಚದರ ಮೀಟರ್ ಗಾಜು, ಪ್ರತಿ 1 ಮಿಲಿಮೀಟರ್ ದಪ್ಪಕ್ಕೆ ಎರಡೂವರೆ ಕೆಜಿ ತೂಗುತ್ತದೆ. 2 ಅಡಿ ಅಗಲ, 3 ಅಡಿ ಉದ್ದದ ಫ್ರೇಮಿಗೆ 4 ಮಿಲಿಮೀಟರ್ ಕನ್ನಡಿ ಹಾಕಿದರೆ ಕನ್ನಡಿಯೇ ಸುಮಾರು ಐದೂವರೆ ಕೆಜಿ. ಮರದ ತೂಕ ಬೇರೆ. ಇಟ್ಟಿಗೆ ಗೋಡೆಗೆ ಡ್ರಿಲ್ ಮಾಡಿ, ಪ್ಲಗ್ ಹಾಕಿ, ಸ್ಕ್ರೂ ಬಿಗಿದರೆ ಇದೇನೂ ಭಾರವಲ್ಲ. ಮಣ್ಣಿನ ಗೋಡೆ ಆದರೆ ಮೊಳೆ ಹಿಡಿಯುವುದಿಲ್ಲ, ಉದುರುತ್ತದೆ. ಅಲ್ಲಿ ಹಳೇ ಮರದ ಗೂಟ ಇದ್ದರೆ ಅದಕ್ಕೇ ತೂಗು ಹಾಕಿ. ಬಾಡಿಗೆ ಮನೆ ಆದರೆ ಓನರ್ ಮೊಳೆ ಹೊಡೆಯಲು ಬಿಡುತ್ತಾರಾ ಅಂತ ಮೊದಲೇ ಕೇಳಿ. ಅಂಟಿಸುವ ಹುಕ್ಕನ್ನು ನಂಬಿ ಗಾಜಿನ ಫ್ರೇಮು ನೇತುಹಾಕಬೇಡಿ. ಸುಣ್ಣ ಬಳಿದ ಗೋಡೆಯಲ್ಲಿ ಹುಕ್ಕಿನ ಜೊತೆ ಸುಣ್ಣದ ಚಕ್ಕೆಯೂ ಕಿತ್ತು ಬರುತ್ತದೆ.

ಇಷ್ಟು ನೋಡಿದ ಮೇಲೆ ನಿಮ್ಮ ಕೈಯಲ್ಲಿ ಎಷ್ಟು ದುಡ್ಡಿದೆ, ಎಷ್ಟು ಭಾನುವಾರಗಳಿವೆ ಅನ್ನುವುದಷ್ಟೇ ಉಳಿಯುತ್ತದೆ.

ಯಾವುದರಿಂದ ಮಾಡಿದ ಫ್ರೇಮು?

ಗುಜರಿಯಲ್ಲಿ ಸಿಗುವುದು ಹೆಚ್ಚಾಗಿ ನಾಲ್ಕು ತರಹ. ಸಾಗುವಾನಿ, ಬೀಟೆ, ಹಲಸಿನಂತಹ ಗಟ್ಟಿ ಮರದ್ದು ಸಿಕ್ಕರೆ ಅದೃಷ್ಟ. ಕಪ್ಪಗೆ ಜಿಡ್ಡು ಹಿಡಿದಿರುತ್ತದೆ, ನೋಡಲು ಏನೂ ಅನಿಸುವುದಿಲ್ಲ. ಮಂಡಕ್ಕಿ ಭಟ್ಟಿ ಕಡೆಯ ಮನೆಯಿಂದ ಬಂದದ್ದಾದರೆ ಮಸಿಯೂ ಇರುತ್ತದೆ. ಹಿಂಭಾಗದಲ್ಲಿ ಪಾಲಿಶ್ ಇಲ್ಲದ ಜಾಗವನ್ನು ಸ್ವಲ್ಪ ಉಜ್ಜಿದರೆ ಮರದ ನಿಜವಾದ ಬಣ್ಣ, ಗೆರೆ ಕಾಣುತ್ತದೆ. ಇಂಥದ್ದು ಯಾವ ಕೆಲಸಕ್ಕಾದರೂ ಆಗುತ್ತದೆ.

ಚಿನ್ನದ ಬಣ್ಣದ, ಉಬ್ಬು ಬಳ್ಳಿಯ ಹಳೇ ಫ್ರೇಮುಗಳಲ್ಲಿ ಎಷ್ಟೋ ಸಲ ಆ ಬಳ್ಳಿ ಮರದ ಕೆತ್ತನೆಯಲ್ಲ. ಮರದ ಮೇಲೆ ಸೀಮೆಸುಣ್ಣದ ಪುಡಿ ಮತ್ತು ಅಂಟು ಕಲಸಿ ಮೆತ್ತಿದ್ದು. ಇದು ಗೊತ್ತಿಲ್ಲದೆ ನಾನು ನನ್ನ ಎರಡನೇ ಫ್ರೇಮನ್ನು ಬಚ್ಚಲಿಗೆ ಒಯ್ದು, ಬ್ರಷ್ ಹಾಕಿ ತಿಕ್ಕಿ ತೊಳೆದೆ. ಅರ್ಧ ಗಂಟೆಯಲ್ಲಿ ಒಂದು ಮೂಲೆಯ ಹೂವು ಪೂರಾ ಕೆಸರಾಗಿ ಹರಿದು ಹೋಯಿತು. ಆ ಅಂಟು ನೀರಿಗೆ ಕರಗುತ್ತದೆ. ಇಂಥದ್ದನ್ನು ಒಣ ಬ್ರಷ್‌ನಲ್ಲಿ ಮಾತ್ರ ಒರೆಸಿ.

ಫೈಬರ್ ಫ್ರೇಮು ಅಂತ ಕರೆಯುವುದು ಪ್ಲಾಸ್ಟಿಕ್. ಹಗುರ, ಹುಳ ಹಿಡಿಯುವುದಿಲ್ಲ, 30 ರೂಪಾಯಿಗೂ ಸಿಗುತ್ತದೆ. ಆದರೆ ಥಿನ್ನರ್ ತಾಗಿದರೆ ಕರಗುತ್ತದೆ. ಹಾಗಾಗಿ ಇದಕ್ಕೆ ನೀರಿನ ಬಣ್ಣವೇ ಸರಿ. ಇನ್ನು ಎಂಡಿಎಫ್, ಅಂದರೆ ಮರದ ನಾರಿಗೆ ಅಂಟು ಸೇರಿಸಿ ಒತ್ತಿದ ಹಲಗೆ. ಮೂಲೆ ಸ್ವಲ್ಪ ಉಬ್ಬಿದ್ದರೆ ಅದು ಒಮ್ಮೆ ನೀರು ಕುಡಿದಿದೆ ಅಂತ ತಿಳಿಯಿರಿ. ಮತ್ತೆ ಸರಿಯಾಗುವುದಿಲ್ಲ.

ಹಳೇ ಬಣ್ಣದ ಬಗ್ಗೆ ಒಂದು ಮಾತು. ನಮ್ಮಲ್ಲಿ ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ದಾಟಬಾರದು ಅನ್ನುವ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣದಲ್ಲಿ ಸೀಸ ಇರಬಹುದು. ಒಣಗಿದ ಬಣ್ಣವನ್ನು ಹಾಗೇ ಉಜ್ಜಿ ದೂಳು ಎಬ್ಬಿಸಬೇಡಿ. ಮಾಸ್ಕ್ ಹಾಕಿ, ಒದ್ದೆ ಮಾಡಿ, ನೀರಿನ ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಿ. ಚಿಕ್ಕ ಮಕ್ಕಳು ಓಡಾಡುವ ಜಾಗದಲ್ಲಂತೂ ಬೇಡವೇ ಬೇಡ.

ಒಳಗಿರುವ ಚಿತ್ರ ಬಿಸಾಡುವ ಮುಂಚೆ

ಅತ್ತಿಗೆಯ ಒಂದು ಫ್ರೇಮಿನಲ್ಲಿ ಲಕ್ಷ್ಮಿಯ ಹಳೇ ಚಿತ್ರ ಇತ್ತು. ಇಂಥ ಚಿತ್ರವನ್ನು ತೆಗೆಯುವ ಮುಂಚೆ ಕೆಳಗಿನ ಅಂಚು ಓದಿ. ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಕಲ್ಲಚ್ಚಿನ (ಕಲ್ಲಿನ ಮೇಲೆ ಚಿತ್ರ ಬರೆದು ಅಚ್ಚು ಹಾಕುವ) ಪ್ರೆಸ್ ಶುರು ಮಾಡಿದರು. ಅಲ್ಲಿಂದ ಲಕ್ಷ್ಮಿ, ಸರಸ್ವತಿಯ ಚಿತ್ರಗಳು ಮನೆಮನೆ ಸೇರಿದವು. ಅಂಥ ಹಳೇ ಪ್ರತಿಗಳನ್ನು ಹುಡುಕಿ ಕೊಳ್ಳುವವರು ಇದ್ದಾರೆ. ಭೂತಗನ್ನಡಿ ಹಿಡಿದು ನೋಡಿ. ಚುಕ್ಕಿಗಳು ಸಾಲಾಗಿ, ಲೆಕ್ಕ ಹಾಕಿದಂತೆ ಕೂತಿದ್ದರೆ ಅದು ಈಚಿನ ಆಫ್‌ಸೆಟ್ ಮುದ್ರಣ. ಅಡ್ಡಾದಿಡ್ಡಿ ಮರಳಿನ ಕಣದ ಹಾಗಿದ್ದರೆ ಕಲ್ಲಚ್ಚು ಇರಬಹುದು. ಆಗ ಫ್ರೇಮಿಗೆ ಕೈ ಹಚ್ಚದೆ ತಿಳಿದವರಿಗೆ ತೋರಿಸಿ. ಅತ್ತಿಗೆಯದ್ದು ಆಫ್‌ಸೆಟ್ಟೇ.

ಗಾಜನ್ನೂ ಒಮ್ಮೆ ನೋಡಿ. ಈಗಿನ ಸಪಾಟು ಗಾಜು ಫ್ಲೋಟ್ ವಿಧಾನದ್ದು. ಇಂಗ್ಲೆಂಡಿನ ಪಿಲ್ಕಿಂಗ್ಟನ್ ಕಂಪನಿ ಅದನ್ನು ಹೊರತಂದದ್ದು 1959ರಲ್ಲಿ. ಅದಕ್ಕೂ ಮುಂಚಿನ ಹಾಳೆ ಗಾಜಿನಲ್ಲಿ ಸಣ್ಣ ಅಲೆ ಇರುತ್ತದೆ. ಬಾಗಿಲಿನ ನೇರ ಗೆರೆ ಅದರ ಮೂಲಕ ನೋಡಿದರೆ ಸ್ವಲ್ಪ ಕುಣಿಯುತ್ತದೆ. ನನಗಂತೂ ಅದೇ ಇಷ್ಟ. ಆದರೆ ಹಳೇ ಗಾಜು ತೆಳು, ಅಂಚು ಚೂಪು. ಅಡ್ಡಡ್ಡ ಟೇಪ್ ಅಂಟಿಸಿ, ದಪ್ಪ ಗ್ಲೌಸ್ ಹಾಕಿ ತೆಗೆಯಿರಿ.

ದೇವರ ಪಟವನ್ನು ನಮ್ಮ ಕಡೆ ಅರಳಿಕಟ್ಟೆಯಲ್ಲಿ ಇಟ್ಟು ಬರುವ ರೂಢಿ ಇದೆ. ಗಾಜು, ಮೊಳೆ ತೆಗೆದು ಬರೀ ಕಾಗದ ಇಡಿ, ಕಟ್ಟೆ ಹತ್ತಿರ ಬರಿಗಾಲಲ್ಲಿ ಓಡಾಡುವ ಮಕ್ಕಳಿರುತ್ತಾರೆ. ಹಾಗೆಯೇ ಕಟ್ಟೆಯಲ್ಲಿ ಯಾರೋ ಇಟ್ಟು ಹೋದ ಫ್ರೇಮನ್ನು ಎತ್ತಿಕೊಂಡು ಬರಬೇಡಿ. ಒಬ್ಬರು ಕೈಮುಗಿದು ಇಟ್ಟದ್ದು, ಅಲ್ವಾ?

ಕನ್ನಡಿ

ಎಲ್ಲರ ಮೊದಲ ಆಸೆ ಇದೇ. ನೋಡಲು ಇದರಷ್ಟು ಜೋರಾಗಿ ಬದಲಾವಣೆ ತರುವುದು ಬೇರೆ ಇಲ್ಲ. ಬೆಳಕು ಕಡಿಮೆ ಇರುವ ನಡುಮನೆಯಲ್ಲಿ ಕಿಟಕಿಯ ಎದುರು ಹಾಕಿದರೆ ಕೋಣೆ ಬೆಳಗುತ್ತದೆ. ಆದರೆ ಫ್ರೇಮಿನಿಂದ ಜಾಸ್ತಿ ಶಕ್ತಿ ಕೇಳುವುದೂ ಇದೇ. ಗಟ್ಟಿ ಮರ ಆಗಿರಬೇಕು, ಮೂಲೆ ಬಿಗಿ ಇರಬೇಕು, ಗೋಡೆ ಪಕ್ಕಾ ಇರಬೇಕು. ಮೂರರಲ್ಲಿ ಒಂದು ಇಲ್ಲದಿದ್ದರೂ ಬೇಡ ಅನ್ನುತ್ತೇನೆ.

ಒಂದೂವರೆ ಅಡಿಗೆ 2 ಅಡಿಯ ಕನ್ನಡಿಗೆ, ಕೊಯ್ಯಿಸಿ ಅಂಚು ಉಜ್ಜಿಸಿ, ನಾವು ಕೊಟ್ಟದ್ದು 420 ರೂಪಾಯಿ. ಗ್ಲಾಸ್ ಅಂಗಡಿಗೆ ಅಳತೆ ಬರೆದುಕೊಂಡು ಹೋಗಬೇಡಿ, ಫ್ರೇಮನ್ನೇ ಒಯ್ಯಿರಿ. ಹಳೇ ಫ್ರೇಮು ಪೂರ್ತಿ ಚೌಕ ಇರುವುದು ಅಪರೂಪ. ಮೇಲಿನ ಅಗಲಕ್ಕೂ ಕೆಳಗಿನ ಅಗಲಕ್ಕೂ 3 ಮಿಲಿಮೀಟರ್ ವ್ಯತ್ಯಾಸ ನಾನೇ ನೋಡಿದ್ದೇನೆ. ಸಣ್ಣ ಅಳತೆ ಹಿಡಿದು, ಅದಕ್ಕಿಂತ 2-3 ಮಿಲಿಮೀಟರ್ ಕಡಿಮೆ ಕೊಯ್ಯಿಸಿ. ಮಳೆಗಾಲದಲ್ಲಿ ಮರ ಹಿಗ್ಗಿದಾಗ ಗಾಜಿಗೆ ಉಸಿರಾಡಲು ಜಾಗ ಬೇಕು.

ಕನ್ನಡಿ ಕೂರಿಸಲು ಬಾತ್‌ರೂಮಿಗೆ ಹಾಕುವ, ವಿನೆಗರ್ ವಾಸನೆ ಬರುವ ಸಿಲಿಕಾನ್ ಬಳಸಬೇಡಿ. ಅದರ ಹುಳಿ ಹಿಂದಿನ ಬೆಳ್ಳಿ ಲೇಪವನ್ನು ತಿನ್ನುತ್ತದೆ. ನನ್ನ ಮೊದಲ ಕನ್ನಡಿಯ ಸುತ್ತ ಎಂಟು ತಿಂಗಳಲ್ಲಿ ಕಪ್ಪು ಅಂಚು ಬಂತು. ನ್ಯೂಟ್ರಲ್ ಸಿಲಿಕಾನ್ ಅಂತ ಕೇಳಿ ತನ್ನಿ. ನಾಲ್ಕು ಮೂಲೆಗೂ ಹಿಂದಿನಿಂದ ಎಲ್ ಆಕಾರದ ತಗಡಿನ ಪಟ್ಟಿ ಹಾಕಿ. ನೇತುಹಾಕುವ ರಿಂಗು ಮೇಲಿನ ಪಟ್ಟಿಗೆ ಬೇಡ, ಎರಡು ಪಕ್ಕದ ಪಟ್ಟಿಗೆ ಇರಲಿ. ಮೇಲೆ ಹಾಕಿದರೆ ಅಷ್ಟೂ ಭಾರ ಮೇಲಿನ ಮೂಲೆಗಳ ಮೊಳೆಗೆ ಬೀಳುತ್ತದೆ.

ದುಡ್ಡಿನ ವಿಷಯ ನೇರವಾಗಿ ಹೇಳುತ್ತೇನೆ. ಇದರಲ್ಲಿ ಉಳಿತಾಯ ಇಲ್ಲ. ಫ್ರೇಮು, ಕನ್ನಡಿ, ಪಾಲಿಶ್, ಪಟ್ಟಿ ಎಲ್ಲ ಸೇರಿ ನನಗೆ 800 ದಾಟಿತು. ಆ ದುಡ್ಡಿಗೆ ಫೈಬರ್ ಫ್ರೇಮಿನ ಹೊಸ ಕನ್ನಡಿ ಬರುತ್ತದೆ. ಸಾಗುವಾನಿಯದ್ದು ಮಾತ್ರ ಬರುವುದಿಲ್ಲ. ಸ್ವಂತ ಮನೆ ಇದ್ದು, ಹತ್ತಾರು ವರ್ಷ ಅಲ್ಲೇ ಇರಲಿ ಅನ್ನುವವರಿಗೆ ಇದು ಸರಿ.

ಸೀರೆ ಸೆರಗು, ಕೌದಿ ತುಂಡು

ನನ್ನ ಮನಸ್ಸು ವಾಲುವುದು ಇದರ ಕಡೆಗೆ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ರೇಷ್ಮೆ ಸೀರೆ ನಮ್ಮ ಕಡೆ ಎಷ್ಟೋ ಮನೆಯ ಬೀರುವಿನಲ್ಲಿ ಒಂದಾದರೂ ಇರುತ್ತದೆ. ಮಡಿಕೆಯಲ್ಲೇ ಸೀಳಿರುತ್ತದೆ. ಉಡಲು ಆಗುವುದಿಲ್ಲ, ಕೊಡಲು ಮನಸ್ಸಿಲ್ಲ. ಅತ್ತಿಗೆಯ ಅಮ್ಮನ ಸೀರೆಯೂ ಹಾಗೇ. ಮೈ ಹರಿದಿದೆ, ಸೆರಗು ಗಟ್ಟಿ ಇದೆ. ಒಂದು ಅಡಿ ಸೆರಗು ಫ್ರೇಮಿನಲ್ಲಿ ಕೂತರೆ ಅಂಗಡಿಯಲ್ಲಿ ಕೊಂಡ ಯಾವ ಚಿತ್ರವೂ ಅದರ ಮುಂದೆ ನಿಲ್ಲುವುದಿಲ್ಲ. ರೇಷ್ಮೆ ಇಲ್ಲದವರು ಅಜ್ಜಿ ಹೊಲಿದ ಕೌದಿಯ ತುಂಡು ಕೂರಿಸಬಹುದು. ಅದರ ಹೊಲಿಗೆ ಸಾಲು ಹತ್ತಿರದಿಂದ ಇನ್ನೂ ಚಂದ.

ಖರ್ಚು ಕಡಿಮೆ, ಆದರೆ ತಾಳ್ಮೆ ಜಾಸ್ತಿ ಬೇಕು. ಗೋಂದು ಹಾಕಿ ಅಂಟಿಸಬೇಡಿ. ವರ್ಷ ಕಳೆದಂತೆ ಹಳದಿ ಕಲೆ ಮೇಲೆ ಬರುತ್ತದೆ, ಬಟ್ಟೆ ಗಡಸಾಗುತ್ತದೆ, ಬಿಚ್ಚಲೂ ಆಗುವುದಿಲ್ಲ. ಗಂಜಿ ಹೋಗುವ ಹಾಗೆ ಎರಡು ಸಲ ಒಗೆದ ಬಿಳಿ ಹತ್ತಿ ಬಟ್ಟೆಯನ್ನು ತೆಳು ಹಲಗೆಗೆ ಬಿಗಿಯಾಗಿ ಎಳೆದು ಹೊದಿಸಿ. ಅದರ ಮೇಲೆ ಸೆರಗನ್ನು ಇಟ್ಟು, ಸಣ್ಣ ಸೂಜಿಯಲ್ಲಿ ಅಂಚಿಗೆ ಮಾತ್ರ ಸಡಿಲ ಹೊಲಿಗೆ ಹಾಕಿ. ಒಂದು ಮಧ್ಯಾಹ್ನ ಪೂರ್ತಿ ಹಿಡಿಯುತ್ತದೆ.

ಗಾಜು ಬಟ್ಟೆಗೆ ತಾಗಬಾರದು. ಮಳೆಗಾಲದಲ್ಲಿ ಗಾಜಿನ ಒಳಗೆ ತೇವ ಕೂತರೆ ರೇಷ್ಮೆ ಅದಕ್ಕೇ ಅಂಟಿಕೊಳ್ಳುತ್ತದೆ. ಹಾಗಾಗಿ ಗಾಜಿನ ಸುತ್ತ ಒಳಗೆ ತೆಳು ಮರದ ಪಟ್ಟಿ ಕೂರಿಸಿ, ಗಾಜಿಗೂ ಬಟ್ಟೆಗೂ ನಡುವೆ ಕಡ್ಡಿಪೆಟ್ಟಿಗೆಯ ಕಡ್ಡಿ ಎರಡು ಸೇರಿಸಿದಷ್ಟು ಜಾಗ ಬಿಡಿ. ಅರ್ಧ ಇಂಚು ಕಚ್ಚು ಬೇಕು ಅಂದದ್ದು ಇದಕ್ಕೇ. ಅಷ್ಟು ಆಳ ಇಲ್ಲದಿದ್ದರೆ ಫ್ರೇಮಿನ ಹಿಂದೆ ಬೀಡಿಂಗ್ ಪಟ್ಟಿ ಹೊಡೆಸಿ ಆಳ ಮಾಡಿಸಬಹುದು. ಬಡಗಿಗೆ ಹತ್ತು ನಿಮಿಷದ ಕೆಲಸ.

ಪಡುವಣದ ಬಿಸಿಲು ಬೀಳುವ ಗೋಡೆಗೆ ಮಾತ್ರ ಬೇಡ. ನಮ್ಮೂರ ಬೇಸಿಗೆಯಲ್ಲಿ ಕೆಂಪು ರೇಷ್ಮೆ ಎರಡೇ ವರ್ಷದಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದನ್ನು ಮನೆಯಲ್ಲೇ ನೋಡಿದ್ದೇನೆ.

ಇಲ್ಲಿ ಫ್ರೇಮು ತೀರಾ ಗಟ್ಟಿ ಇರಬೇಕೆಂದಿಲ್ಲ. ಆ ಉಬ್ಬು ಬಳ್ಳಿಯ ಸೂಕ್ಷ್ಮ ಫ್ರೇಮಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ತೂಕ ಕಡಿಮೆ, ಒಂದು ಮೊಳೆ ಸಾಕು, ಬಾಡಿಗೆ ಮನೆಗೂ ಆಗುತ್ತದೆ. ಮನೆ ಬದಲಿಸುವಾಗ ಸೀರೆಯ ನಡುವೆ ಸುತ್ತಿ ಒಯ್ಯಬಹುದು.

ಟ್ರೇ

ಸಂಜೆ ನಾಲ್ಕು ಜನಕ್ಕೆ ಮಂಡಕ್ಕಿ, ಮೆಣಸಿನಕಾಯಿ, ಚಹಾ ತರಲು ಹಳೇ ಫ್ರೇಮಿನ ಟ್ರೇ ಚಂದವೇ. ಸಣ್ಣ ಫ್ರೇಮು ಬೇಕು, 10 ಇಂಚಿಗೆ 14 ಇಂಚು ಇದ್ದರೆ ಹದ. ಅದಕ್ಕಿಂತ ದೊಡ್ಡದು ನಮ್ಮ ಅಡುಗೆಮನೆ ಬಾಗಿಲಲ್ಲಿ ಅಡ್ಡ ಸಿಕ್ಕಿಕೊಳ್ಳುತ್ತದೆ. ಗಾಜು ತೆಗೆದು 6 ಮಿಲಿಮೀಟರ್ ಪ್ಲೈವುಡ್ ಹಾಕಿ, ಮೇಲೆ ಸನ್‌ಮೈಕಾ ಅಂಟಿಸಿ. ಬಡಗಿ ಹತ್ತಿರ ಎರಡರ ತುಂಡೂ ಬಿದ್ದಿರುತ್ತವೆ, ಕೇಳಿದರೆ ಕೊಡುತ್ತಾರೆ. ತಳಕ್ಕೆ ಮೊಳೆ ಸಾಲದು, ಸ್ಕ್ರೂ ಹಾಕಿ. ಬಿಸಿ ಚಹಾ ಹೊತ್ತಾಗ ತಳ ಕಳಚಿದರೆ ಏನಾಗುತ್ತದೆ ಅಂತ ನಾನು ಹೇಳಬೇಕಿಲ್ಲ.

ಖರ್ಚು 300ರ ಒಳಗೆ ಮುಗಿಯುತ್ತದೆ. ಆದರೆ ಹಳೇ ಬಣ್ಣ ಇರುವ ಫ್ರೇಮನ್ನು ತಿನ್ನುವ ಸಾಮಾನಿನ ಹತ್ತಿರ ತರಬೇಡಿ. ಸೀಸದ ಮಾತು ಇಲ್ಲಿ ಬರುತ್ತದೆ. ಪಾಲಿಶ್ ಮಾಡಿದ ಬರೀ ಮರ ಆದರೆ ಸರಿ. ಎಂಡಿಎಫ್ ಬೇಡ, ನಾಲ್ಕು ಸಲ ಒರೆಸಿದರೆ ಉಬ್ಬುತ್ತದೆ. ನೀವು ಪಾತ್ರೆಗಳನ್ನೆಲ್ಲ ಸಿಂಕಿಗೆ ಹಾಕಿ ನೆನೆಸುವವರಾದರೆ ಸುಮ್ನೆ ಸ್ಟೀಲ್ ತಟ್ಟೆಯೇ ವಾಸಿ.

ಬೋರ್ಡು, ಖಾಲಿ ಫ್ರೇಮು

ಕೈಯಲ್ಲಿರುವುದು ಫೈಬರ್ ಅಥವಾ ಎಂಡಿಎಫ್ ಆದರೆ ಪಿನ್ ಚುಚ್ಚುವ ಬೋರ್ಡು ಮಾಡಿ, ಮುಗಿಯಿತು. ಸಾಫ್ಟ್ ಬೋರ್ಡಿಗೆ ಹತ್ತಿ ಬಟ್ಟೆ ಹೊದಿಸಿ ಕೂರಿಸುವುದು ಅಷ್ಟೇ. ಕರೆಂಟ್ ಬಿಲ್ಲು, ಮಕ್ಕಳ ಟೈಮ್‌ಟೇಬಲ್, ಮದುವೆ ಕಾರ್ಡು ಎಲ್ಲಕ್ಕೂ ಒಂದು ಜಾಗ ಸಿಗುತ್ತದೆ. ಗಾಜಿಲ್ಲ, ಭಾರವಿಲ್ಲ, ಒಂದೇ ಸಂಜೆ ಕೆಲಸ. ಹಾಸ್ಟೆಲ್ ಮಕ್ಕಳಿಗೆ, ರೂಮಿನಲ್ಲಿ ಇರುವವರಿಗೆ ಇದನ್ನೇ ಹೇಳುತ್ತೇನೆ.

ಖಾಲಿ ಫ್ರೇಮುಗಳನ್ನು ಗುಂಪಾಗಿ ಗೋಡೆಗೆ ಹಾಕುವುದು ಮೊಬೈಲಿನಲ್ಲಿ ಚಂದ ಕಾಣುತ್ತದೆ. ನಮ್ಮ ಮನೆಗಳಿಗೆ ಅದು ಒಗ್ಗುವುದಿಲ್ಲ ಅಂತ ನನ್ನ ಅನಿಸಿಕೆ. ಒಂದು ವಾರ ಬಿಟ್ಟರೆ ಪ್ರತಿ ಪಟ್ಟಿಯ ಮೇಲೂ ದೂಳು. ಮನೆಗೆ ಬಂದ ಹಿರಿಯರು "ಫೋಟೋ ಎಲ್ಲಿ ಬಿತ್ತು?" ಅಂತ ಕೇಳುವುದು ಬೇರೆ. ಚಿತ್ರದುರ್ಗದಲ್ಲಿರುವ ನಮ್ಮ ಚಿಕ್ಕಮ್ಮನ ಮನೆಯಲ್ಲಿ ಹಾಕಿ ನೋಡಿದ್ದೆವು. ಬೆಟ್ಟದ ಮೇಲೆ ಗಾಳಿಯಂತ್ರ ತಿರುಗುವ ಊರು ಅದು. ಕಿಟಕಿ ತೆರೆದರೆ ರಾತ್ರಿ ಪೂರ್ತಿ ಐದೂ ಫ್ರೇಮು ಗೋಡೆಗೆ ಟಕಟಕ. ಗಾಳಿ ಇರುವ ಕಡೆ ಯಾವ ಫ್ರೇಮು ಹಾಕಿದರೂ ಹಿಂದೆ ಕೆಳಗಿನ ಎರಡು ಮೂಲೆಗೆ ಹಳೇ ಹವಾಯಿ ಚಪ್ಪಲಿಯ ರಬ್ಬರ್ ತುಂಡು ಅಂಟಿಸಿ.

ಕೊನೆಗೆ ಅತ್ತಿಗೆ ಏನು ಮಾಡಿದರು

ದೊಡ್ಡ ಫ್ರೇಮು ಸಾಗುವಾನಿಯೇ. ಕಚ್ಚು ಆಳ ಇತ್ತು. ಆದರೆ ಒಂದು ಮೂಲೆ ಬಾಯಿ ಬಿಟ್ಟಿತ್ತು. ಅತ್ತಿಗೆಗೆ ಕನ್ನಡಿ ಬೇಕೇ ಬೇಕು. ಬಡಗಿ ಮೂಲೆ ಬಿಚ್ಚಿ, ಹೊಸದಾಗಿ ಅಂಟು ಹಾಕಿ, ಪಟ್ಟಿ ಹೊಡೆದುಕೊಡಲು 250 ಕೇಳಿದರು. ಅದಕ್ಕೆ ಕನ್ನಡಿ, ಪಾಲಿಶ್ ಸೇರಿದರೆ ಸಾವಿರದ ಹತ್ತಿರ. ಅತ್ತಿಗೆ ಒಂದು ದಿನ ಯೋಚಿಸಿ, ಸ್ವಂತ ಮನೆ ತಾನೇ ಅಂತ ಹೂಂ ಅಂದರು.

ಬಳ್ಳಿಯ ಫ್ರೇಮಿಗೆ ಅಮ್ಮನ ಸೆರಗು. ಹೊಲಿಗೆ ಹಾಕುತ್ತಾ ಕೂತಾಗ ಸೆರಗಿನ ಮಡಿಕೆಯಲ್ಲಿ ಅರಿಶಿನದ ಒಂದು ಕಲೆ ಸಿಕ್ಕಿತು. ತೆಗೆಯಲಾ ಅಂತ ಕೇಳಿದೆ. "ಇರ್ಲಿ ಬಿಡು, ಅಮ್ಮನ ಕೈದು" ಅಂದರು. ಅದು ಮುಂದೆ ಕಾಣುವ ಹಾಗೇ ಕೂರಿಸಿದ್ದೇವೆ.

ಮೂರನೆಯದನ್ನು ಪೇಪರ್ ಮೇಲೆ ಕುಟ್ಟಿದಾಗ ಪುಡಿ ಉದುರಿತು. ಅಂಗಡಿಯಲ್ಲೇ ಬಿಡಬೇಕಿತ್ತು, ಮನೆಗೆ ತಂದಾಗಿದೆ. ಹಾಗಾಗಿ ಅದು ಈಗ ಔಷಧಿ ಕುಡಿದು ಹಿತ್ತಲಲ್ಲಿದೆ. ಅಣ್ಣನ ಟ್ರೇ ಮುಂದಿನ ತಿಂಗಳು ನೋಡಬೇಕು.